ಅಟ್ಟದ ಕೋವಿ, ಮಾಷ್ಟ್ರ ವರದಿ: ಒಂದು ಪ್ರಕರಣ

ಕೋವಿ ಸಿಕ್ಕಿದ್ದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಆಚೆ, ಕರ್ನಾಟಕದ ಗಡಿಗೆ ಹತ್ತಿರದ ಒಂದು ಹಳೇ ಮನೆಯ ಅಟ್ಟದಲ್ಲಿ. ಮಾಡು ಬಿಚ್ಚಿ ರಿಪೇರಿ ಮಾಡುವಾಗ ಕೆಲಸದವರ ಕೈಗೆ ಬಂತು. ಗೋಣಿ ಸುತ್ತಿ, ಬಳ್ಳಿಯಲ್ಲಿ ಪಕ್ಕಾಸಿಗೆ ಬಿಗಿದಿತ್ತು. ಒಂಟಿ ನಳಿಗೆಯ ಕೇಪಿನ ಕೋವಿ, ಅಂದರೆ ಬಾಯಿಂದ ಮದ್ದು ತುಂಬಿ, ಬುಡದಲ್ಲಿ ಸಿಡಿಯುವ ಸಣ್ಣ ಲೋಹದ ಟೊಪ್ಪಿ (ಕೇಪು) ಕೂರಿಸಿ ಹಾರಿಸುವಂಥದ್ದು. ಮರದ ಭಾಗ ಒಂದು ಕಡೆ ಗೆದ್ದಲು ತಿಂದಿತ್ತು. ನಳಿಗೆ ಮಾತ್ರ ಗಟ್ಟಿಯಾಗಿತ್ತು.

ಮನೆಯವರಿಗೆ ಅದು ಏನೆಂಬ ಬಗ್ಗೆ ಅನುಮಾನವೇ ಇರಲಿಲ್ಲ. 1837ರ ಕಲ್ಯಾಣಪ್ಪನ ಕಾಟಕಾಯಿಯಲ್ಲಿ ತಮ್ಮ ಹಿರಿಯರೊಬ್ಬರು ಹೊತ್ತ ಕೋವಿ. ಆ ವರ್ಷ ಸುಳ್ಯ, ಬೆಳ್ಳಾರೆ, ಪುತ್ತೂರು ಕಡೆಯ ರೈತರು ಕಂಪೆನಿ ಸರಕಾರದ ಮೇಲೆ ತಿರುಗಿ ಬಿದ್ದಿದ್ದರು. 1834ರಲ್ಲಿ ಕೊಡಗು ಕಂಪೆನಿಯ ಕೈಗೆ ಹೋಗಿ, ಅಮರಸುಳ್ಯ ಸೀಮೆ ಕೆನರಾ ಜಿಲ್ಲೆಗೆ ಸೇರಿತು. ಅದುವರೆಗೆ ಬೆಳೆಯಲ್ಲಿ ಕೊಡುತ್ತಿದ್ದ ಕಂದಾಯವನ್ನು ಹಣದಲ್ಲಿ ಕೊಡಬೇಕಾಯಿತು. ಅದೇ ದೊಡ್ಡ ಸಿಟ್ಟು. ಬೆಳ್ಳಾರೆಯ ಖಜಾನೆ ಹಿಡಿದು, ಏಪ್ರಿಲ್ 5ಕ್ಕೆ ಮಂಗಳೂರಿನ ಬಾವುಟಗುಡ್ಡೆಯಲ್ಲಿ ತಮ್ಮ ಬಾವುಟ ಹಾರಿಸಿದರು. 13 ದಿನ ಊರು ಅವರ ಕೈಯಲ್ಲಿತ್ತು ಎಂದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಅಂಥ ದಂಗೆಯಲ್ಲಿ ನಮ್ಮ ಮನೆಯವರೂ ಒಬ್ಬರಿದ್ದರು ಎಂದು ಯಾರಿಗೆ ತಾನೇ ಹೇಳಿಕೊಳ್ಳಬೇಕು ಅನಿಸುವುದಿಲ್ಲ?

ನಿಜ ಹೇಳಬೇಕೆಂದರೆ, ಕಾಸರಗೋಡಿನಲ್ಲಿ ಹಳೇ ಕೋವಿ ಸಿಕ್ಕಿದರೆ ಅದರ ಜೊತೆ ಬರುವುದು ಎರಡೇ ಕತೆ. ಬೇಕಲ ಕೋಟೆಯ ಬದಿಯಾದರೆ ಟಿಪ್ಪುವಿನದು. ಸುಳ್ಯದ ಬದಿಯಾದರೆ ಕಾಟಕಾಯಿಯದು. ಮೂರನೆಯ ಕತೆಯನ್ನು ನಾನು ಕೇಳಿದ್ದು ಈ ಮನೆಯಲ್ಲಿ ಮಾತ್ರ. ಅದನ್ನು ಹುಡುಕಿ ತೆಗೆದದ್ದು ಮಾಷ್ಟ್ರು.

ಮಾಷ್ಟ್ರು ಕಳೆದ ಮಳೆಗಾಲದಲ್ಲಿ ತೀರಿಹೋದರು. ಹೈಸ್ಕೂಲಿನಲ್ಲಿ ಪಾಠ ಹೇಳಿ ರಿಟೈರ್ ಆದವರು. ಹಳೇ ಕೋವಿಗಳ ವಿಷಯದಲ್ಲಿ ಈ ಕಡೆ ಅವರಷ್ಟು ತಿಳಿದವರನ್ನು ನಾನು ನೋಡಿಲ್ಲ. ತಮಾಷೆಯೆಂದರೆ ಅವರ ಹತ್ತಿರ ಒಂದು ಕೋವಿಯೂ ಇರಲಿಲ್ಲ. ಇದ್ದದ್ದು ನೋಟ್‌ಬುಕ್ಕು, ಪೆನ್ಸಿಲ್ಲಿನಲ್ಲಿ ಉಜ್ಜಿ ತೆಗೆದ ಮುದ್ರೆಗಳ ಕಟ್ಟು, ಒಂದು ಭೂತಗನ್ನಡಿ, ಒಂದು ವರ್ನಿಯರ್. ಅವರ ಬಗ್ಗೆ ಬರೆಯಿರಿ ಎಂದು ಗೆಳೆಯರು ಹೇಳಿದಾಗ ಗುಣಗಾನ ಮಾಡುವ ಮನಸ್ಸಾಗಲಿಲ್ಲ. ಅವರು ಕೆಲಸ ಮಾಡಿದ ಒಂದು ಪ್ರಕರಣವನ್ನೇ ಪೂರ್ತಿ ಬರೆದರೆ ಮನುಷ್ಯ ಎಂಥವರೆಂದು ತಾನಾಗಿ ಗೊತ್ತಾಗುತ್ತದೆ.

ಮೊದಲು ಕೋಲು

ಮಾಷ್ಟ್ರು ಬಂದಾಗ ಕೋವಿ ಜಗಲಿಯ ಮಂಚದ ಮೇಲಿತ್ತು. ಸುತ್ತ ಮಕ್ಕಳು. ಮನೆಯ ಕಿರಿಯ ಮಗ ಅದನ್ನು ಹೆಗಲಿಗೇರಿಸಿ ಫೋಟೋ ತೆಗೆಸಿಕೊಂಡೂ ಆಗಿತ್ತು. ಮಾಷ್ಟ್ರು ಚಪ್ಪಲಿ ಬಿಡುತ್ತಾ ಹೇಳಿದ ಮೊದಲ ಮಾತು, "ಮಕ್ಕಳನ್ನು ಒಳಗೆ ಕರೀರಿ ಅಕ್ಕಾ. ಆಮೇಲೆ ಒಂದು ತೆಳ್ಳಗಿನ ಬಿದಿರ ಕೋಲು ಕೊಡಿ."

ಕೋಲನ್ನು ನಳಿಗೆಯ ಬಾಯಿಂದ ಒಳಗೆ ಇಳಿಸಿದರು. ತಾಗಿ ನಿಂತಲ್ಲಿ, ಬಾಯಿಯ ಹತ್ತಿರ ಉಗುರಿನಿಂದ ಗುರುತು ಮಾಡಿದರು. ಕೋಲು ಹೊರಗೆ ತೆಗೆದು ನಳಿಗೆಯ ಪಕ್ಕದಲ್ಲೇ ಹಿಡಿದರು. ಖಾಲಿ ನಳಿಗೆಯಾದರೆ ಕೋಲಿನ ತುದಿ ಕೇಪು ಕೂರಿಸುವ ಮೊಲೆಯವರೆಗೆ ಬರಬೇಕು. ಬರಲಿಲ್ಲ. ನಾಲ್ಕು ಬೆರಳಷ್ಟು ಹಿಂದೆಯೇ ನಿಂತಿತು.

"ಈಡು ಉಂಟು ಒಳಗೆ," ಎಂದರು.

ಜಗಲಿ ಒಮ್ಮೆಗೇ ಖಾಲಿಯಾಯಿತು. ಅಷ್ಟು ವರ್ಷದ ಮದ್ದು ಇನ್ನೂ ಸಿಡಿಯುತ್ತದಾ ಎಂದು ಕಿರಿಯ ಮಗನಿಗೆ ಅನುಮಾನ. ಸಿಡಿಯಬಹುದು. ಕರಿಮದ್ದು ಒದ್ದೆಯಾಗದೆ ಉಳಿದರೆ ಎಷ್ಟು ಕಾಲವಾದರೂ ಕೆಡುವುದಿಲ್ಲ. ಒದ್ದೆಯಾಗಿ ಒಣಗಿದ್ದರೂ ನಂಬುವಂತಿಲ್ಲ. ಹಿಂದಿನವರು ಹಂದಿ ಬರುತ್ತದೆಂದು ಸಂಜೆಗೆ ಈಡು ತುಂಬಿ ಇಡುತ್ತಿದ್ದರು. ಹಂದಿ ಬರದಿದ್ದರೆ ಕೇಪು ಮಾತ್ರ ತೆಗೆದು ಹಾಗೇ ನೇತು ಹಾಕುತ್ತಿದ್ದರು. ಬಾಯಿಂದ ತುಂಬುವ ಕೋವಿಯಲ್ಲಿ ಈಡು ವಾಪಸ್ ತೆಗೆಯುವುದು ದೊಡ್ಡ ರಗಳೆ. ಅದಕ್ಕೇ ಅಟ್ಟದಲ್ಲಿ ಸಿಗುವ ಕೋವಿಗಳಲ್ಲಿ ಈಡು ಇದ್ದರೆ ಅದರಲ್ಲಿ ಆಶ್ಚರ್ಯಪಡುವಂಥದ್ದು ಏನೂ ಇಲ್ಲ. ಇದನ್ನು ಓದುವವರು ಬೇರೆಲ್ಲ ಮರೆತರೂ ಪರವಾಗಿಲ್ಲ, ಕೋಲಿನ ಪರೀಕ್ಷೆ ನೆನಪಿರಲಿ. ಈಡು ಇದೆಯೆಂದು ಗೊತ್ತಾದ ಮೇಲೆ ಸ್ವತಃ ತೆಗೆಯಲು ಹೋಗಬೇಡಿ.

ಮಾಷ್ಟ್ರೂ ತೆಗೆಯಲಿಲ್ಲ. ಕೋವಿಯ ಬಾಯಿಯನ್ನು ತೋಟದ ಕಡೆಗೆ ತಿರುಗಿಸಿ ಇಡಿಸಿದರು. ಆಮೇಲೆ ಸ್ಟೇಷನ್ನಿಗೆ ಫೋನ್ ಮಾಡಿಸಿದರು. ಮನೆಯವರಿಗೆ ಇದು ಇಷ್ಟವಾಗಲಿಲ್ಲ. ಪೊಲೀಸರು ಬಂದರೆ ಕೋವಿ ಹೋಯಿತು ಎಂದೇ ಅವರ ಲೆಕ್ಕ. "ಸುಮ್ನೆ ಇಟ್ಕೊಂಡ್ರೆ ಯಾರಿಗೆ ಗೊತ್ತಾಗ್ತದೆ ಮಾಷ್ಟ್ರೇ?" ಎಂದರು ಹಿರಿಯ ಮಗ. ಮಾಷ್ಟ್ರು ಜಗಳಕ್ಕೆ ಹೋಗಲಿಲ್ಲ. "ನಂಗೆ ಗೊತ್ತಾಯ್ತಲ್ಲ ಮಾರಾಯ್ರೇ. ಕೆಲಸದವರಿಗೂ ಗೊತ್ತುಂಟು. ಫೋಟೋ ಎಷ್ಟು ಮೊಬೈಲಿಗೆ ಹೋಗಿದೆ ಈಗ?" ಎಂದು ಕೇಳಿದರು. ಅದಕ್ಕೆ ಉತ್ತರ ಬರಲಿಲ್ಲ.

ಮುಂದೆ ಕಾನೂನು ಪ್ರಕಾರ ಕೋವಿ ಸ್ಟೇಷನ್ನಿಗೆ ಹೋಯಿತು. ಲೈಸೆನ್ಸ್ ಇರುವ ಕೋವಿ ಕೆಲಸಗಾರರೊಬ್ಬರನ್ನು ಕಣ್ಣೂರು ಕಡೆಯಿಂದ ಕರೆಸಿದರು. ಅವರು ನಳಿಗೆಗೆ ನೀರು ತುಂಬಿ ದಿನಗಟ್ಟಲೆ ನೆನೆಸಿಟ್ಟು, ಆಮೇಲೆ ಈಡು ತೆಗೆದರು. ತೆಂಗಿನ ನಾರಿನ ಉಂಡೆ, ಗಟ್ಟಿಯಾದ ಕಪ್ಪು ಮದ್ದು, ಬೆಳ್ಳಗೆ ತುಕ್ಕು ಹಿಡಿದ ಸೀಸದ ಚೂರುಗಳು. ಚೂರುಗಳು ಒಂದೇ ಅಳತೆಯವಲ್ಲ. ಬಲೆಗೆ ಕಟ್ಟುವ ಸೀಸವನ್ನು ಕತ್ತರಿಸಿದ ಹಾಗಿತ್ತು. ಯುದ್ಧಕ್ಕೆ ತುಂಬಿದ ಈಡು ಇದಲ್ಲ ಎಂದು ಮಾಷ್ಟ್ರಿಗೆ ಅಲ್ಲೇ ಹೊಳೆದಿರಬೇಕು. ಆದರೆ ಬಾಯಿ ಬಿಡಲಿಲ್ಲ.

ಒಂದು ಕೋವಿಯಲ್ಲಿ ಮೂರು ಕೋವಿ

ಅನುಮತಿ ಪಡೆದು, ಪೊಲೀಸರ ಎದುರಲ್ಲೇ, ಅದೇ ಕೆಲಸಗಾರರ ಕೈಯಲ್ಲಿ ಬಿಚ್ಚಿಸಿ ಪರೀಕ್ಷೆ ನಡೆಯಿತು. ಮಾಷ್ಟ್ರು ತಾವು ಒಂದು ತಿರುಪಿಗೂ ಕೈ ಹಾಕಲಿಲ್ಲ. ಮನೆಯ ಇಬ್ಬರು ಮಕ್ಕಳನ್ನೂ ದೊಡ್ಡಮ್ಮನನ್ನೂ ಬರಹೇಳಿದ್ದರು. ಅವರಿಲ್ಲದೆ ನೋಡುವುದಿಲ್ಲ ಎಂದು ಹಟ.

ಮೊದಲು ಕೈಗೆತ್ತಿಕೊಂಡದ್ದು ಕುದುರೆ (ಕೇಪಿಗೆ ಬಡಿಯುವ ಸುತ್ತಿಗೆ) ಕೂತಿರುವ ಪಕ್ಕದ ಕಬ್ಬಿಣದ ತಗಡು, ಅಂದರೆ ಲಾಕ್ ಪ್ಲೇಟ್. ಇಲ್ಲೊಂದು ಅನಾಹುತ ಆಗಿತ್ತು. ಕೋವಿ ಸಿಕ್ಕಿದ ದಿನವೇ ಯಾರೋ ಉಮೇದಿನಲ್ಲಿ ಹುಣಸೆಹುಳಿ ಹಚ್ಚಿ, ಮರಳು ಕಾಗದದಿಂದ ತಿಕ್ಕಿದ್ದರು. ಪ್ಲೇಟು ಫಳಫಳ ಹೊಳೆಯುತ್ತಿತ್ತು. ಮುದ್ರೆ ಅರ್ಧ ಹೋಗಿತ್ತು. ಹಳೇ ಕಬ್ಬಿಣದ ಕಪ್ಪು ಪದರವನ್ನು ಯಾಕೆ ತೆಗೆಯುತ್ತಾರೋ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಅದು ಕೊಳೆಯಲ್ಲ, ದಾಖಲೆ. ಹತ್ತಿಗೆ ಸ್ವಲ್ಪ ಎಣ್ಣೆ ಹಾಕಿ ಒರೆಸಿದರೆ ಸಾಕು.

ಮಾಷ್ಟ್ರು ಬಯ್ಯಲಿಲ್ಲ. ಕಿಟಕಿ ಮುಚ್ಚಿಸಿ, ಟಾರ್ಚನ್ನು ಮೇಲಿಂದ ಬಿಡದೆ ಪಕ್ಕದಿಂದ, ಪ್ಲೇಟಿಗೆ ಬಹುತೇಕ ಸಮವಾಗಿ ಹಿಡಿದರು. ಅಡ್ಡ ಬೆಳಕಿಗೆ ತಗ್ಗಿನ ಜಾಗದಲ್ಲಿ ನೆರಳು ಬೀಳುತ್ತದೆ. ನೇರ ಬೆಳಕಿನಲ್ಲಿ ಬರೀ ಹೊಳಪು. ಆಗ ಕಂಡದ್ದು, ಹಿಂಗಾಲ ಮೇಲೆ ನಿಂತ ಸಣ್ಣ ಸಿಂಹ. ತಲೆ ಸವೆದಿತ್ತು. ಮುಂಗಾಲುಗಳ ನಡುವೆ ಕಿರೀಟದ ಒಂದು ಅಂಚು. ಕಿರಿಯ ಮಗನ ಕೈಗೆ ಟಾರ್ಚು ಕೊಟ್ಟು, "ಈಗ ನೀನು ಹಿಡಿ, ನೀನೇ ಹುಡುಕು ಮಗಾ," ಎಂದರು. ಹುಡುಗ ಟಾರ್ಚು ತಿರುಗಿಸುತ್ತಾ ಹೋಗಿ, ಒಂದು ಕೋನದಲ್ಲಿ "ಹೋ!" ಎಂದ. ಇದು ಅವರ ಪದ್ಧತಿ. ಕಂಡದ್ದನ್ನು ಹೇಳಿ ಮುಗಿಸುತ್ತಿರಲಿಲ್ಲ. ಎದುರಿದ್ದವರ ಕಣ್ಣಿಗೂ ಬೀಳುವವರೆಗೆ ಕಾಯುತ್ತಿದ್ದರು. ಅದಕ್ಕೆ ಎಷ್ಟು ಹೊತ್ತು ಹೋದರೂ ಸರಿ.

ಕಿರೀಟ ಹಿಡಿದ ಸಿಂಹ ಈಸ್ಟ್ ಇಂಡಿಯಾ ಕಂಪೆನಿಯ ಗುರುತು. 1808ಕ್ಕಿಂತ ಮುಂಚೆ ಕಂಪೆನಿಯ ಕೋವಿಗಳ ಮೇಲೆ ಬೇರೆ ಮುದ್ರೆ ಇತ್ತು. ನಾಲ್ಕು ಭಾಗ ಮಾಡಿದ ಹೃದಯದ ಚಿತ್ರ, ತಲೆಯ ಮೇಲೆ 4ರ ಅಂಕಿಯಂಥ ಗುರುತು. ವ್ಯಾಪಾರದ ಮೂಟೆಗಳ ಮೇಲೂ ಅದನ್ನೇ ಹಾಕುತ್ತಿದ್ದರು. 1808ರಿಂದ ಸಿಂಹ ಬಂತು. ಹಾಗಾಗಿ ಈ ಪ್ಲೇಟು ಟಿಪ್ಪು ಸತ್ತ 1799ಕ್ಕಿಂತ ಈಚಿನದು. ಆ ಪ್ರಶ್ನೆ ಮುಗಿಯಿತು. ಟಿಪ್ಪುವಿನ ಕಾರ್ಖಾನೆಯ ಕೋವಿಗಳ ಲಕ್ಷಣವೇ ಬೇರೆ. ಹುಲಿಪಟ್ಟೆಯ ಅಲಂಕಾರ, ಹುಲಿತಲೆ, ಅವನೇ ಜಾರಿಗೆ ತಂದ ಮೌಲೂದಿ ಶಕೆಯ ವರ್ಷ, ಅದೂ ಬಲದಿಂದ ಎಡಕ್ಕೆ ಬರೆದ ಅಂಕಿಗಳಲ್ಲಿ.

ಪ್ಲೇಟಿನಲ್ಲಿ ಇನ್ನೂ ಒಂದು ಸಂಗತಿ ಇತ್ತು. ಈಗ ಅದು ಕೇಪಿನದ್ದಾದರೂ ಹುಟ್ಟಿದ್ದು ಚಕಮಕಿ ಕಲ್ಲಿನ ಲಾಕಾಗಿ. ಕಲ್ಲಿನ ಕೋವಿಯಲ್ಲಿ ಪ್ಲೇಟಿನ ಹೊರಗೆ ಮದ್ದಿನ ಸಣ್ಣ ಬಟ್ಟಲು ಇರುತ್ತದೆ. ಕಲ್ಲು ಬಡಿದಾಗ ಕಿಡಿ ಹಾರಿಸುವ ಉಕ್ಕಿನ ಪಟ್ಟಿ, ಅದನ್ನು ಒತ್ತಿ ಹಿಡಿಯುವ ಒಂದು ಸ್ಪ್ರಿಂಗು ಇರುತ್ತದೆ. ಕೇಪು ಬಂದ ಮೇಲೆ ಇವೆಲ್ಲ ಬೇಡ. ಕಿತ್ತು ಹಾಕಿ, ತಿರುಪಿನ ತೂತುಗಳಿಗೆ ಲೋಹ ತುಂಬಿ ಸಮ ಮಾಡುತ್ತಾರೆ. ಅಡ್ಡ ಬೆಳಕಿನಲ್ಲಿ ಆ ತುಂಬಿದ ತೂತುಗಳು ದುಂಡಗೆ ಎದ್ದು ಕಂಡವು. ಸ್ಫೋಟಕ ರಸದಿಂದ ಕಿಡಿ ಹೊತ್ತಿಸುವ ಪದ್ಧತಿಗೆ ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸಿತ್ 1807ರಲ್ಲೇ ಪೇಟೆಂಟ್ ಪಡೆದಿದ್ದರು. ಸೈನ್ಯಗಳು ಕೇಪಿಗೆ ಬದಲಾದದ್ದು 1840ರ ಸುಮಾರಿಗೆ.

ಅಂದರೆ ಈ ಲಾಕು 1837ರಲ್ಲಿ ಇದ್ದಿರಬಹುದು. ಕಲ್ಲಿನ ಕೋವಿಯ ಭಾಗವಾಗಿ, ಕಂಪೆನಿಯ ಸಿಪಾಯಿಯ ಕೈಯಲ್ಲೋ, ಅವನಿಂದ ಕಿತ್ತುಕೊಂಡವರ ಕೈಯಲ್ಲೋ. ದೊಡ್ಡಮ್ಮನ ಮುಖ ಅರಳಿತು. ಮಾಷ್ಟ್ರು ಅದನ್ನು ನೋಡಿ, "ಇರಿ ಅಕ್ಕಾ, ನಳಿಗೆ ಎಂತ ಹೇಳ್ತದೆ ಕೇಳುವ," ಎಂದರು.

ಕೆಲಸಗಾರರು ಕೀಲು ತೆಗೆದು, ಹಿಂಬದಿಯ ತಿರುಪು ಬಿಚ್ಚಿ, ನಳಿಗೆಯನ್ನು ಮರದಿಂದ ಎತ್ತಿದರು. ನಳಿಗೆಯ ಹೊಟ್ಟೆ ಮರದೊಳಗೆ ಅಡಗಿತ್ತಲ್ಲ, ಅಲ್ಲಿಗೆ ಮರಳು ಕಾಗದ ಮುಟ್ಟಿರಲಿಲ್ಲ. ಬುಡದ ಹತ್ತಿರ ಒಂದು ಮೊಟ್ಟೆಯಾಕಾರದ ಮುದ್ರೆ. ಒಳಗೆ ಇಂಗ್ಲಿಷಿನ ಇ, ಎಲ್, ಜಿ ಅಕ್ಷರಗಳು, ಕೆಳಗೆ ನಕ್ಷತ್ರ, ಮೊಟ್ಟೆಯ ತಲೆಯ ಮೇಲೆ ಕಿರೀಟ.

ಮಾಷ್ಟ್ರು ತೆಳ್ಳಗಿನ ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರು. ಇದು ಬೆಲ್ಜಿಯಮ್ಮಿನ ಲೀಜ್ ಊರಿನ ಮುದ್ರೆ. ಅಲ್ಲಿ ನಳಿಗೆಗಳಿಗೆ ಜಾಸ್ತಿ ಮದ್ದು ತುಂಬಿ, ಹಾರಿಸಿ, ಒಡೆಯದಿದ್ದರೆ ಮಾತ್ರ ಈ ಮುದ್ರೆ ಹೊಡೆದು ಮಾರಲು ಬಿಡುತ್ತಿದ್ದರು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲೂ 1813ರ ಕಾಯಿದೆಯಿಂದ ಅಂಥದೇ ಪರೀಕ್ಷಾಲಯ ಶುರುವಾಯಿತು. ಮುದ್ರೆಗಳು ಕಾಲಕಾಲಕ್ಕೆ ಬದಲಾಗುತ್ತವೆ. ಇತಿಹಾಸ ನೋಡುವವರಿಗೆ ಅದೇ ಆಸರೆ. ಲೀಜ್ ಮುದ್ರೆಯ ಮೇಲೆ ಕಿರೀಟ ಸೇರಿದ್ದು 1893ರಲ್ಲಿ.

ವರ್ನಿಯರ್ ಇಟ್ಟು ಬಾಯಿ ಅಳೆದರು. ಹತ್ತಿರಹತ್ತಿರ 17 ಮಿಲಿಮೀಟರ್. ಕಂಪೆನಿಯ ಸಿಪಾಯಿಗಳ ಇಂಡಿಯಾ ಪ್ಯಾಟರ್ನ್ ಮಸ್ಕೆಟ್ಟಿನ ಬಾಯಿ ಮುಕ್ಕಾಲು ಇಂಚು, ಅಂದರೆ 19 ಮಿಲಿಮೀಟರ್. ಅದರ ನಳಿಗೆ 39 ಇಂಚು ಉದ್ದ. ಇದು ಅದಕ್ಕಿಂತ ಒಂದು ಗೇಣು ಗಿಡ್ಡ. ಇದು 16 ಬೋರಿನ ಬೇಟೆ ನಳಿಗೆ. ಒಂದು ಪೌಂಡು ಸೀಸದಲ್ಲಿ ಬಾಯಿಗೆ ಸರಿ ಹೊಂದುವ 16 ಗುಂಡು ಆದರೆ ಅದು 16 ಬೋರು. ಬೋರಿನ ಅಂಕಿ ದೊಡ್ಡದಾದಷ್ಟು ಬಾಯಿ ಸಣ್ಣದು. ಇದನ್ನು ಅವರು ಹೇಳಿದ್ದು ಠಾಣೆಯ ಪೊಲೀಸರಿಗೆ. ಅವರಿಗೂ ಕುತೂಹಲ ಹತ್ತಿತ್ತು.

ಉಳಿದದ್ದು ಮರ. ಅದಕ್ಕೆ ಮುದ್ರೆ ಬೇಕಾಗಲಿಲ್ಲ. ಕಂಪೆನಿಯ ಕೋವಿಗೆ ವಾಲ್‌ನಟ್ ಮರ ಹಾಕುತ್ತಿದ್ದರು. ಇದು ಹಲಸು. ಒಳಭಾಗ ಕೆರೆದು ನೋಡುವುದೂ ಬೇಡ, ಗೆದ್ದಲು ತಿಂದ ಜಾಗದಲ್ಲೇ ಹಳದಿ ಕಾಣುತ್ತಿತ್ತು. ಊರಿನ ಆಚಾರಿ ಉಳಿಯಲ್ಲಿ ಕೊರೆದ ಗುರುತುಗಳು ಹಾಗೇ ಇದ್ದವು. ಹಿಡಿಯ ಕೆಳಗೆ ಹಿತ್ತಾಳೆಯ ತಗಡು, ಅದೂ ಯಾವುದೋ ಪಾತ್ರೆಯಿಂದ ಕತ್ತರಿಸಿದ್ದು. ಅಂಚಿನಲ್ಲಿ ಪಾತ್ರೆಯ ಗೆರೆ ಉಳಿದಿತ್ತು.

ಒಟ್ಟು ಲೆಕ್ಕ ಇಷ್ಟು. 1808ರ ಈಚಿನ ಕಂಪೆನಿ ಲಾಕು, 1893ರ ಈಚಿನ ಬೆಲ್ಜಿಯಂ ನಳಿಗೆ, ನಮ್ಮೂರ ಹಲಸು. ಹಳೆಯದಾಗಿ ತೆಗೆದು ಹಾಕಿದ ಸೈನ್ಯದ ಕೋವಿಗಳ ಬಿಡಿಭಾಗ ಎಷ್ಟೋ ಕಾಲ ಕೈಯಿಂದ ಕೈಗೆ ಹೋಗುತ್ತಿತ್ತು. ಕೆಲಸಗಾರರು ಸಿಕ್ಕಿದ್ದನ್ನು ಸಿಕ್ಕಿದ್ದಕ್ಕೆ ಜೋಡಿಸುತ್ತಿದ್ದರು. ಒಂದು ಕೋವಿಯ ವಯಸ್ಸು ಅದರ ಅತಿ ಹಳೇ ಭಾಗದ ವಯಸ್ಸಲ್ಲ, ಅತಿ ಹೊಸ ಭಾಗದ್ದು. ಮಾಷ್ಟ್ರು ಇದನ್ನು ಹೇಳುವಾಗ ತಮ್ಮ ವಾಚು ತೋರಿಸುತ್ತಿದ್ದರು. ಡಯಲ್ ಅಪ್ಪನದು, ಬೆಲ್ಟ್ ಹೋದ ವಾರದ್ದು.

ಕತೆ ಹೋಯಿತು, ಮುಂದೆ?

ಇಲ್ಲಿಯವರೆಗಿನ ಕೆಲಸವನ್ನು ಪುಸ್ತಕ ಓದಿದ ಯಾರಾದರೂ ಮಾಡಬಹುದು. ಮಾಷ್ಟ್ರ ಕೆಲಸ ಶುರುವಾಗುವುದು ಇಲ್ಲಿಂದ ಎಂದು ನನ್ನ ಅಭಿಪ್ರಾಯ.

ದೊಡ್ಡಮ್ಮ ಏನೂ ಮಾತಾಡದೆ ಕೂತಿದ್ದರು. ಕೊನೆಗೆ, "ಹಾಗಾದ್ರೆ ಇದು ಯಾರದ್ದು?" ಎಂದರು. ಅಷ್ಟೇ. ಹಳೇ ವಸ್ತುಗಳ ಬಗ್ಗೆ ತಿಳಿದ ಎಷ್ಟೋ ಜನರನ್ನು ನೋಡಿದ್ದೇನೆ. ಸುಳ್ಳು ಕತೆ ಒಡೆದ ಖುಷಿಯಲ್ಲೇ ಮನೆಗೆ ಹೋಗುತ್ತಾರೆ. ಆ ಪ್ರಶ್ನೆ ತಮ್ಮದಲ್ಲ ಎಂದುಕೊಳ್ಳುತ್ತಾರೆ. ಮಾಷ್ಟ್ರು ಅದನ್ನು ತಮ್ಮ ಪ್ರಶ್ನೆ ಮಾಡಿಕೊಂಡರು. ನಳಿಗೆಯ ಬುಡದಲ್ಲಿ ಯಾರೋ ಉಳಿಯಲ್ಲಿ ಬಡಿದ ಕೆಲವು ಅಂಕಿಗಳಿದ್ದವು. ಬೆಲ್ಜಿಯಂನವರದ್ದಲ್ಲ, ಸೊಟ್ಟಸೊಟ್ಟ. ಅದನ್ನು ಬರೆದುಕೊಂಡು, "ಮನೆಯಲ್ಲಿ ಹಳೇ ಕಾಗದದ ಪೆಟ್ಟಿಗೆ ಉಂಟಾ ಅಕ್ಕಾ?" ಎಂದು ಕೇಳಿದರು.

ಇತ್ತು. ಅಡಿಕೆ ಲೆಕ್ಕ, ಗೇಣಿ ಚೀಟಿ, ಜಾತಕ, ಕೋರ್ಟಿನ ಕಾಗದ. ಮಾಷ್ಟ್ರು ವಾರಗಟ್ಟಲೆ ಸಂಜೆ ಬಸ್ಸಿನಲ್ಲಿ ಬಂದು, ಜಗಲಿಯಲ್ಲಿ ಕೂತು ಒಂದೊಂದೇ ಕಾಗದ ಬಿಡಿಸಿದರು. ತೆಗೆದುಕೊಂಡದ್ದು ಮಜ್ಜಿಗೆ ಮಾತ್ರ. ಬಸ್ಸಿನ ದುಡ್ಡೂ ಮುಟ್ಟಲಿಲ್ಲ. ಮನೆಯ ಹಿರಿಯ ಮಗ, ಸ್ಟೇಷನ್ನಿಗೆ ಫೋನ್ ಮಾಡಿಸಿದ್ದಕ್ಕೆ ಮುನಿಸಿಕೊಂಡಿದ್ದವರು, ಎರಡನೇ ವಾರದಿಂದ ಪಕ್ಕದಲ್ಲಿ ಕೂತು ಓದತೊಡಗಿದರು.

ಸಿಕ್ಕಿತು. 1938ರ ಒಂದು ಕೋವಿ ಲೈಸೆನ್ಸ್. ಮದ್ರಾಸ್ ಸರಕಾರದ್ದು, ದಕ್ಷಿಣ ಕನ್ನಡ ಜಿಲ್ಲೆ, ಕಾಸರಗೋಡು ತಾಲೂಕು. ಬಾಯಿಂದ ತುಂಬುವ ಒಂಟಿ ನಳಿಗೆ. ಉದ್ದೇಶ, ಬೆಳೆ ರಕ್ಷಣೆ. ನಂಬರು ನಳಿಗೆಯ ಮೇಲಿನದೇ. ಹೆಸರಿನ ಜಾಗದಲ್ಲಿ ಒಬ್ಬ ಹೆಂಗಸಿನ ಹೆಸರು.

ದೊಡ್ಡಮ್ಮನ ಅತ್ತೆಯ ಅತ್ತೆ. ಸಣ್ಣ ವಯಸ್ಸಿಗೆ ಗಂಡನನ್ನು ಕಳೆದುಕೊಂಡು, ಗದ್ದೆ ತೋಟ ನಡೆಸಿದವರು. ಆ ಕಾಲದ ಲೈಸೆನ್ಸಿನಲ್ಲಿ ಲೈಸೆನ್ಸುದಾರರ ಪರವಾಗಿ ಕೋವಿ ಹಿಡಿಯುವ ಆಳಿನ ಹೆಸರು ಬರೆಯಲು ಬೇರೆ ಅಂಕಣ ಇತ್ತು. ಅಲ್ಲಿಯೂ ಒಂದು ಹೆಸರು. ಆ ಮನೆಯ ಗದ್ದೆಯಲ್ಲಿ ದುಡಿಯುತ್ತಿದ್ದವರು. ಅವರ ಮೊಮ್ಮಕ್ಕಳು ಈಗಲೂ ಗುಡ್ಡದ ಕೆಳಗೆ ಇದ್ದಾರೆ. ಮಾಷ್ಟ್ರು ಅಲ್ಲಿಗೂ ಹೋದರು. ಅಲ್ಲಿನ ಅಜ್ಜನಿಗೆ ಕೋವಿ ನೆನಪಿತ್ತು. ಅವರ ಅಪ್ಪ ರಾತ್ರಿ ಗದ್ದೆಯ ಬದುವಿನ ಮಾಳದಲ್ಲಿ ಕೂತು ಹಂದಿ ಕಾಯುತ್ತಿದ್ದದ್ದು, ಬೆಳಗ್ಗೆ ಕೋವಿಯನ್ನು ದೊಡ್ಡ ಮನೆಯ ಅಮ್ಮನ ಕೈಗೇ ಕೊಡಬೇಕಾಗಿದ್ದದ್ದು, ಈಡು ಎಷ್ಟು ಖರ್ಚಾಯಿತೆಂದು ಅಮ್ಮ ಲೆಕ್ಕ ಕೇಳುತ್ತಿದ್ದದ್ದು. ಸೀಸ ಮುಗಿದಾಗ ಬಲೆಯ ಸೀಸ ಕತ್ತರಿಸಿ ತುಂಬುತ್ತಿದ್ದದ್ದನ್ನು ಅವರೇ ಹೇಳಿದರು. ಯಾರೂ ಕೇಳಿರಲಿಲ್ಲ.

ದಂಗೆಯ ವೀರನ ಕತೆಯ ಭಾರಕ್ಕೆ ಈ ಹೆಂಗಸು ಮನೆಯ ನೆನಪಿನಿಂದಲೇ ಜಾರಿಹೋಗಿದ್ದರು. ಹೆಸರು ಕೂಡ ಸಣ್ಣ ಮಕ್ಕಳಿಗೆ ಗೊತ್ತಿರಲಿಲ್ಲ. ಲೈಸೆನ್ಸಿನ ಹಿಂದಿನ ಪುಟಗಳಲ್ಲಿ ವರ್ಷವರ್ಷದ ರಿನ್ಯೂವಲ್ ಮುದ್ರೆಗಳು. 1956ರ ನವೆಂಬರ್ 1ರ ನಂತರ ತಾಲೂಕು ಕೇರಳಕ್ಕೆ ಹೋಯಿತಲ್ಲ, ಮುಂದಿನ ಮುದ್ರೆ ಕಣ್ಣೂರು ಜಿಲ್ಲೆಯದ್ದು. ಕೊನೆಗೆ ಒಂದು ವರ್ಷ ಮುದ್ರೆ ಇಲ್ಲ. ಅವರು ತೀರಿಕೊಂಡಿರಬೇಕು. ಕೋವಿ ಪಕ್ಕಾಸಿಗೆ ಹೋದದ್ದು ಆಗ. ಕಾಸರಗೋಡು ಜಿಲ್ಲೆಯಾದ 1984ರ ಹೊತ್ತಿಗೆ ಅದು ಅಲ್ಲಿದೆ ಎಂದು ನೆನಪಿದ್ದವರೂ ಇರಲಿಲ್ಲ.

ವರದಿ, ಕಾನೂನು, ಮತ್ತೊಬ್ಬ ಗಿರಾಕಿ

ಮಾಷ್ಟ್ರು ಎರಡು ಪುಟದ ವರದಿ ಬರೆದರು, ಕನ್ನಡದಲ್ಲಿ, ತಮ್ಮ ದುಂಡು ಅಕ್ಷರದಲ್ಲಿ. ಕಣ್ಣಿಗೆ ಕಂಡದ್ದು ಒಂದು ಕಡೆ, ಅದರಿಂದ ಊಹಿಸಿದ್ದು ಇನ್ನೊಂದು ಕಡೆ. ಕೊನೆಯಲ್ಲಿ ಒಂದು ಸಾಲು: "1837ರ ದಂಗೆಯಲ್ಲಿ ಈ ಮನೆಯವರು ಇದ್ದರು ಎಂದು ಮನೆಯಲ್ಲಿ ಹೇಳುತ್ತಾರೆ. ಈ ಕೋವಿ ಅದಕ್ಕೆ ಸಾಕ್ಷಿಯಲ್ಲ, ವಿರೋಧವೂ ಅಲ್ಲ." ಈ ಸಾಲು ಬೇಡ ಎಂದು ನಾನು ವಾದ ಮಾಡಿದ್ದೆ. ಸಾಕ್ಷಿಯಿಲ್ಲದ ಮೇಲೆ ಯಾಕೆ ಬರೆಯಬೇಕು? ಈಗಲೂ ನನಗೆ ಅದು ಸ್ವಲ್ಪ ಮೆತ್ತಗೆ ಅನಿಸುತ್ತದೆ. ಅವರು ಬಿಡಲಿಲ್ಲ. ಮಂಜೇಶ್ವರದ ಗೋವಿಂದ ಪೈಗಳು ಇತಿಹಾಸದ ಇಸವಿಗಳ ಬೆನ್ನು ಬಿದ್ದ ರೀತಿಯೇ ಅವರಿಗೆ ಆದರ್ಶ. ಕೋವಿಯ ವಿಷಯ ಕೋವಿಗೆ, ಮನೆಯ ವಿಷಯ ಮನೆಗೆ ಎಂದರು.

ಕಾನೂನಿನ ಭಾಗ ಚುಟುಕಾಗಿ. ನೂರು ವರ್ಷ ಆದ ಕೋವಿಗೆ ಲೈಸೆನ್ಸ್ ಬೇಡ ಎಂದು ಜನ ಹೇಳುತ್ತಾರೆ. ಇದು ಎರಡು ಕಾಯಿದೆ ಕಲಸಿ ಹುಟ್ಟಿದ ಮಾತು. ನೂರು ವರ್ಷದ ಲೆಕ್ಕ 1972ರ ಪ್ರಾಚ್ಯವಸ್ತು ಕಾಯಿದೆಯದ್ದು. ಅದು ವಸ್ತುವನ್ನು ದೇಶದ ಹೊರಗೆ ಸಾಗಿಸುವುದು, ವ್ಯಾಪಾರ ಮಾಡುವುದು ಇವುಗಳ ಬಗ್ಗೆ. ಕೋವಿಗೆ ಅನ್ವಯಿಸುವುದು 1959ರ ಆರ್ಮ್ಸ್ ಆ್ಯಕ್ಟ್. ಅದರ 45ನೇ ಸೆಕ್ಷನ್ನಿನಲ್ಲಿ ಹಳೇ ಮಾದರಿಯ, ಪ್ರಾಚೀನ ಬೆಲೆಯ ಆಯುಧಕ್ಕೆ ವಿನಾಯಿತಿ ಇದೆ, ನಿಜ. ಆದರೆ ರಿಪೇರಿ ಮಾಡಿದರೂ ಹಾರದಂತಿರಬೇಕು. ನಮ್ಮ ಕೋವಿಗೆ ಹೊಸ ಮೊಲೆ ಹಾಕಿದರೆ ಹಾರುತ್ತಿತ್ತು. ಹಾಗಾಗಿ ವಿನಾಯಿತಿ ಇಲ್ಲ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ರಿಯಾಯಿತಿಯೂ ಗಡಿ ದಾಟಿ ಇಲ್ಲಿಗೆ ಬರುವುದಿಲ್ಲ. ಲೈಸೆನ್ಸುದಾರರು ತೀರಿಕೊಂಡರೆ ತಡಮಾಡದೆ ಹತ್ತಿರದ ಸ್ಟೇಷನ್ನಿನಲ್ಲೋ ಲೈಸೆನ್ಸ್ ಇರುವ ಅಂಗಡಿಯಲ್ಲೋ ಕೋವಿ ಒಪ್ಪಿಸಬೇಕು. ವಾರಸುದಾರರು ತಮ್ಮ ಹೆಸರಿಗೆ ಅರ್ಜಿ ಹಾಕಲು 2016ರ ನಿಯಮಗಳಲ್ಲಿ ದಾರಿ ಇದೆ. ಹಿರಿಯ ಮಗ ವಿದ್ಯಾನಗರದ ಕಲೆಕ್ಟರೇಟಿಗೆ ಹೋಗಿ ಅರ್ಜಿ ಹಾಕಿದರು. 1938ರ ಕಾಗದ ಇದ್ದದ್ದರಿಂದ ಕೋವಿ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಉತ್ತರ ತಯಾರಿತ್ತು. ಲೈಸೆನ್ಸ್ ಬಂತು, ಸಮಯ ಹಿಡಿಯಿತು. ಈಗ ಪ್ರತಿ ಚುನಾವಣೆಗೂ ಸ್ಟೇಷನ್ನಿಗೆ ಹೊತ್ತೊಯ್ದು ಇಟ್ಟು ಬರುವ ಕೆಲಸ ಅವರ ಪಾಲಿಗೆ. ಅದಕ್ಕೆ ಗೊಣಗುತ್ತಾರೆ.

ನಡುವೆ ಒಬ್ಬ ವ್ಯಾಪಾರಿ ಬಂದಿದ್ದ. 2015ರ ಏಪ್ರಿಲಿನಲ್ಲಿ ಲಂಡನ್ನಿನ ಬೊನ್ಹಾಮ್ಸ್ ಹರಾಜಿನಲ್ಲಿ ಟಿಪ್ಪುವಿನ ಕಾಲದ ಆಯುಧಗಳು ಒಟ್ಟು 60 ಲಕ್ಷ ಪೌಂಡಿಗೂ ಮಿಕ್ಕಿ ಹೋದವು. ಆ ಸುದ್ದಿ ಹಿಡಿದುಕೊಂಡು ಇಂಥವರು ಊರೂರು ತಿರುಗುತ್ತಾರೆ. ಮಾಷ್ಟ್ರು ಒಂದು ಬೆಲೆ ಹೇಳಿದರೆ ಸಾಕು, ಕಮಿಷನ್ ಕೊಡುತ್ತೇನೆ ಎಂದ. ಮಾಷ್ಟ್ರು ಯಾವ ಕೋವಿಗೂ ಬೆಲೆ ಹೇಳುತ್ತಿರಲಿಲ್ಲ. ಬೆಲೆ ಒಮ್ಮೆ ಬಾಯಿಗೆ ಬಂದರೆ ಮುಂದಿನ ಮುದ್ರೆಯನ್ನು ಕಣ್ಣು ಆ ಬೆಲೆಗೆ ತಕ್ಕ ಹಾಗೆ ಓದುತ್ತದೆ ಎಂದು ಅವರ ನಂಬಿಕೆ. ವ್ಯಾಪಾರಿಯನ್ನು ಓಡಿಸಲೂ ಇಲ್ಲ. ಲೀಜ್ ಮುದ್ರೆಗಳ ಪಟ್ಟಿಯ ಜೆರಾಕ್ಸ್ ಒಂದನ್ನು ಅವನ ಕೈಗೆ ಕೊಟ್ಟರು. ಯಾಕೆಂದು ಕೇಳಿದೆ. "ಮುದ್ರೆ ಓದಲು ಕಲಿತರೆ ಬೆಲ್ಜಿಯಂ ನಳಿಗೆಯನ್ನು ಟಿಪ್ಪುವಿನದು ಅಂತ ಮಾರಲಿಕ್ಕೆ ಅವನಿಗೇ ನಾಚಿಕೆ ಆದೀತು," ಎಂದರು. ಅವನಿಗೆ ನಾಚಿಕೆ ಆಯಿತೆಂದು ನನಗೇನೂ ಅನಿಸುವುದಿಲ್ಲ.

ಈಗ ಉಳಿದಿರುವುದು

ಈ ಧಾರಾಳಕ್ಕೆ ಒಂದು ಬೆಲೆಯೂ ಇತ್ತು. ಅದನ್ನು ಮುಚ್ಚಿಟ್ಟು ಬರೆದರೆ ಪ್ರಕರಣ ಪೂರ್ತಿಯಾಗುವುದಿಲ್ಲ. ಮಾಷ್ಟ್ರು ಕೇಳಿದವರಿಗೆ ನೋಟ್‌ಬುಕ್ಕಿನ ಮೂಲವನ್ನೇ ಕೊಡುತ್ತಿದ್ದರು. ಜೆರಾಕ್ಸ್ ಮಾಡಿಸಿ ಮೂಲ ಇಟ್ಟುಕೊಳ್ಳಿ ಎಂದು ಎಷ್ಟು ಹೇಳಿದರೂ, ಅದರಲ್ಲಿ ಪೆನ್ಸಿಲ್ ಉಜ್ಜಿದ ಮುದ್ರೆ ಸರಿಯಾಗಿ ಬರುವುದಿಲ್ಲ ಎನ್ನುತ್ತಿದ್ದರು. ಮಾತು ಸುಳ್ಳಲ್ಲ. ಬೂದು ಛಾಯೆ ಜೆರಾಕ್ಸಿನಲ್ಲಿ ಕರಿಮಸಿಯಾಗುತ್ತದೆ. ಆದರೆ ಅವರು ತೀರಿಕೊಂಡಾಗ ಮನೆಯ ಕಪಾಟಿನಲ್ಲಿ ಸಿಕ್ಕಿದ್ದು ಅರ್ಧಕ್ಕಿಂತ ಕಡಿಮೆ. ಉಳಿದವು ಪುತ್ತೂರು, ಮಡಿಕೇರಿ, ಕಾಞಂಗಾಡು, ಹೀಗೆ ಯಾರ್ಯಾರದೋ ಮನೆಯಲ್ಲಿವೆ. ಕೊಟ್ಟವರ ಪಟ್ಟಿಯನ್ನೂ ಅವರು ಬರೆದಿಟ್ಟಿರಲಿಲ್ಲ.

ಈ ಕೋವಿಯ ಪುಟಗಳು ಮಾತ್ರ ಉಳಿದಿವೆ. ಕಾರಣ, ಆ ಮನೆಯ ಕಿರಿಯ ಮಗ ಅದೇ ದಿನ ಮೊಬೈಲಿನಲ್ಲಿ ಫೋಟೋ ಹೊಡೆದಿದ್ದ. ಅವನೀಗ ಮಾಷ್ಟ್ರ ಭೂತಗನ್ನಡಿ ಇಟ್ಟುಕೊಂಡಿದ್ದಾನೆ, ಮಾಷ್ಟ್ರ ಮನೆಯವರೇ ಕೊಟ್ಟದ್ದು. ಸಿಕ್ಕಿದ ನೋಟ್‌ಬುಕ್ಕುಗಳ ಪುಟಪುಟವನ್ನೂ ಫೋಟೋ ಹಿಡಿದು, ಯಾವ ಮುದ್ರೆ ಯಾವ ಊರಿನ ಕೋವಿಯದ್ದೆಂದು ಪಟ್ಟಿ ಮಾಡುತ್ತಿದ್ದಾನೆ. ಮನೆಗಳ ಹೆಸರು ಹಾಕುವುದಿಲ್ಲ. ಯಾರ ಅಟ್ಟದಲ್ಲಿ ಏನಿದೆ ಎಂದು ಊರಿಗೆಲ್ಲ ಸಾರುವ ಉದ್ದೇಶ ಇಲ್ಲ.

ಲಾಕ್ ಪ್ಲೇಟಿನ ಒಳಬದಿಯಲ್ಲಿ ತಿರುಪುಗಳ ಪಕ್ಕ ಸಣ್ಣ ಗೀಟುಗಳಿವೆ. ಯಾವ ತಿರುಪು ಯಾವ ತೂತಿಗೆ ಎಂದು ಕೆಲಸಗಾರರು ಹಾಕಿಕೊಂಡ ಲೆಕ್ಕ. ಅಂಥದೇ ಗೀಟುಗಳಿರುವ ಇನ್ನೊಂದು ಕಂಪೆನಿ ಲಾಕನ್ನು ತಾವು ನೋಡಿದ್ದಾಗಿ ಮಾಷ್ಟ್ರು ವರದಿಯ ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ ಬರೆದಿದ್ದಾರೆ. ಯಾವ ನೋಟ್‌ಬುಕ್ಕಿನಲ್ಲಿ ಎಂಬುದನ್ನು ಬರೆದಿಲ್ಲ. ಅದು ಸಿಕ್ಕಿದರೆ ಎರಡೂ ಲಾಕುಗಳಿಗೆ ಕೆಲಸ ಮಾಡಿದ ಕೈ ಒಂದೇನಾ ಎಂದು ನೋಡಬಹುದು.

ಮಾಷ್ಟ್ರ ನೋಟ್‌ಬುಕ್ಕು ನಿಮ್ಮಲ್ಲಿದ್ದರೆ ವಾಪಸ್ ಕೊಡಬೇಕೆಂದೇನೂ ಇಲ್ಲ, ಅವರು ಕೊಟ್ಟದ್ದು ನಿಮಗೇ. ಪುಟಗಳ ಫೋಟೋ ತೆಗೆದು ಕಳಿಸಿದರೆ ಸಾಕು. ಬೆಳಕು ಪಕ್ಕದಿಂದ ಬೀಳಲಿ.